ಅಂಚಿನಲ್ಲಿ ನಿಂತ ವಾಕ್ಯ

ತಂಗಿಯ ಬಲಗೈಯ ಮೂರು ಬೆರಳು ಹೋಗಿ ನಲವತ್ತು ದಿನ ಕಳೆದ ಮೇಲೆ ಚರ್ಚಿನ ಸಮಾಧಾನ ಸಮಿತಿಗೆ ಅವಳ ನೆನಪು ಬಂತು. ಪಾದ್ರಿಗಳೂ ಸೇರಿ ನಾಲ್ಕು ಜನ ಹೊರಟರು. ಮನೆ ಐದನೆಯ ಮಹಡಿಯಲ್ಲಿ. ಮೂರನೆಯ ಮಹಡಿ ಮುಟ್ಟುವಷ್ಟರಲ್ಲಿ ಅವರ ಸಮಾಧಾನವೆಲ್ಲ ಬೆವರಾಗಿ ಇಳಿದುಹೋಯಿತು. ಕಾರ್ಯದರ್ಶಿ ಗೋಡೆ ಹಿಡಿದು ನಿಂತು, ಬಡವರು ಇಷ್ಟು ಎತ್ತರದಲ್ಲಿ ಇರುವುದು ಸರಿಯಲ್ಲ, ಇದರಲ್ಲೇನೋ ಅಹಂಕಾರವಿದೆ ಎಂದರು.

ಬಾಗಿಲು ತೆಗೆದವಳು ಅಕ್ಕ. ಅವಳನ್ನು ಲಾಂಡ್ರಿಯ ಹೆಂಗಸರು ಮಡಿಕೆಯಕ್ಕ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಅವಳು ಬೆಡ್‌ಶೀಟು ಮಡಚುತ್ತ ಬಂದಿದ್ದಳು. ಅವಳು ಮಡಚಿದ್ದರಲ್ಲಿ ಅಂಚಿಗೆ ಅಂಚು ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ತಂಗಿಗೆ ರೇಡಿಯೊ ಎಂದು ಹೆಸರು. ಅವಳ ಬಾಯಿ ನಿಲ್ಲುತ್ತಿರಲಿಲ್ಲ. ಬೆರಳು ಹೋದ ಮೇಲೂ ನಿಲ್ಲಲಿಲ್ಲ.

ಕೋಣೆಯಲ್ಲಿ ಎರಡು ಕುರ್ಚಿ, ಒಂದು ಮಂಚ. ಯಾರು ಕೂರಬೇಕು, ಯಾರು ನಿಲ್ಲಬೇಕು ಎಂಬುದು ತೀರ್ಮಾನವಾಗಲು ಹೊತ್ತು ಹಿಡಿಯಿತು. ಸಮಾಧಾನ ಸಮಿತಿಗೆ ಇಬ್ಬರು ಉಪಾಧ್ಯಕ್ಷರು. ಇಬ್ಬರಿಗೂ ಮೂರು ವರ್ಷದಿಂದ ಮಾತಿಲ್ಲ. ಒಬ್ಬರು ಕೂತ ಸಾಲಿನಲ್ಲಿ ಇನ್ನೊಬ್ಬರು ಕೂರುವುದಿಲ್ಲ. ಕೊನೆಗೆ ಪಾದ್ರಿಗಳೂ ಕಾರ್ಯದರ್ಶಿಯೂ ಕುರ್ಚಿ ಹಿಡಿದರು. ಉಪಾಧ್ಯಕ್ಷರಿಬ್ಬರೂ ಒಬ್ಬರಿಗೊಬ್ಬರು ಬೆನ್ನು ಕೊಟ್ಟು ನಿಂತರು. ತಂಗಿ ಮಂಚದ ಮೇಲೆ ಕೂತು ಎಡಗೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಕಲಿಯುತ್ತಿದ್ದಳು. ಅವರನ್ನು ನೋಡಿಯೂ ನಿಲ್ಲಿಸಲಿಲ್ಲ.

ನಡೆದದ್ದು ಇಷ್ಟು. ಯಜಮಾನರ ಲಾಂಡ್ರಿ ಚರ್ಚಿನಿಂದ ಒಂದು ಬೀದಿ ಆಚೆಗಿತ್ತು. ಆಸ್ಪತ್ರೆಗಳ, ಹೋಟೆಲುಗಳ ಬಟ್ಟೆ ಅಲ್ಲಿಗೆ ಬರುತ್ತಿತ್ತು. ರಕ್ತ, ಕೀವು, ವಾಂತಿ, ಕಂಡವರ ಬೆವರು. ತೊಳೆದ ಒದ್ದೆ ಶೀಟನ್ನು ಕಾದ ಎರಡು ಉರುಳೆಗಳ ನಡುವೆ ಕೊಡಬೇಕು. ಆ ಕಡೆಯಿಂದ ಅದು ಒಣಗಿ, ಇಸ್ತ್ರಿಯಾಗಿ ಬರುತ್ತದೆ. ತಂಗಿ ಕೊಡುವವಳು, ಅಕ್ಕ ತೆಗೆಯುವವಳು. ದಿನಕ್ಕೆ ಒಂಬೈನೂರು ಶೀಟು. ಉಗಿಯಲ್ಲಿ ಮುಖ ಬೇಯುತ್ತಿತ್ತು. ಸೊಂಟ ಸಂಜೆಯ ಹೊತ್ತಿಗೆ ತಮ್ಮದಲ್ಲ ಎನ್ನಿಸುತ್ತಿತ್ತು.

ಉರುಳೆಯ ಬಾಯಿಗೆ ಅಡ್ಡವಾಗಿ ಒಂದು ಕಾವಲು ಕಂಬಿ ಇತ್ತು. ಬೆರಳು ತಗುಲಿದರೆ ಯಂತ್ರ ನಿಲ್ಲುತ್ತಿತ್ತು. ದಪ್ಪ ಹೊಲಿಗೆ ತಗುಲಿದರೂ ನಿಲ್ಲುತ್ತಿತ್ತು. ಅದೇ ಅದರ ಅಪರಾಧ. ಹೋಟೆಲಿನ ಕೆಲಸ ಮೇಲೆ ಮೇಲೆ ಬಿದ್ದ ವಾರ ಯಜಮಾನರು ಯಂತ್ರದ ಮುಂದೆ ಬಂದು ನಿಂತು, ಇದೊಂದು ಅಡ್ಡ, ತೆಗೆ ಎಂದರು. ಮೇಸ್ತ್ರಿ ಸ್ಪ್ಯಾನರ್ ತಂದು ಬಿಚ್ಚಿದ. ತಂಗಿ ಸುಮ್ಮನಿರಲಿಲ್ಲ. ನಮ್ಮ ಬೆರಳಿನ ಗತಿ ಏನು ಯಜಮಾನರೇ ಎಂದು ಕೇಳಿದಳು.

"ಬೆರಳನ್ನ ನಿನ್ನ ಹತ್ರಾನೇ ಇಟ್ಕೊ," ಎಂದರು ಯಜಮಾನರು.

ಎಲ್ಲರೂ ನಕ್ಕರು. ಯಜಮಾನರು ತಮಾಷೆ ಮಾಡಿದಾಗ ನಗಬೇಕು, ಅದೂ ಕೆಲಸದ ಭಾಗ. ಅಕ್ಕನೂ ನಕ್ಕಳು.

ಒಂಬತ್ತನೆಯ ದಿನ ದಿಂಬಿನ ಚೀಲದ ದಾರ ತಂಗಿಯ ಬೆರಳಿಗೆ ಸುತ್ತಿಕೊಂಡಿತು. ಆ ಕಡೆ ನಿಂತಿದ್ದ ಅಕ್ಕನ ಕೈಗೆ ಕೆಂಪು ಕಲೆಯ ಬಟ್ಟೆ ಬಂತು. ಸರಿಯಾಗಿ ತೊಳೆದಿಲ್ಲ ಎಂದು ಅವಳು ತೊಳೆಯುವವರನ್ನು ಬೈದಳು. ಆಮೇಲೆ ಅವಳಿಗೆ ಕೂಗು ಕೇಳಿಸಿತು.

ಮಾರನೆಯ ದಿನ ಕಂಬಿ ತನ್ನ ಜಾಗದಲ್ಲಿತ್ತು. ಹಳದಿ ಬಣ್ಣ ಬೇರೆ ಬಳಿದಿದ್ದರು.

ಈಗ ಕಾರ್ಯದರ್ಶಿ ಚೀಲದಿಂದ ಒಂದು ಕಾಗದ ತೆಗೆದು ಓದಿದರು. ಮೇಲೆ ದೊಡ್ಡ ಅಕ್ಷರದಲ್ಲಿ ಸಮಾಧಾನಪತ್ರ ಎಂದಿತ್ತು. ಕೆಲಸದ ಆತುರದಲ್ಲಿ ಕಾವಲು ಕಂಬಿಯನ್ನು ತಂಗಿಯೇ ಬಿಚ್ಚಿದ್ದಳೆಂದೂ, ಯಜಮಾನರದ್ದು ಏನೂ ತಪ್ಪಿಲ್ಲವೆಂದೂ, ಆದರೂ ಈ ಕುಟುಂಬ ಅವರನ್ನು ಕ್ರಿಸ್ತನ ಹೆಸರಿನಲ್ಲಿ ಮನಃಪೂರ್ವಕವಾಗಿ ಕ್ಷಮಿಸಿದೆಯೆಂದೂ ಅದರಲ್ಲಿ ಬರೆದಿತ್ತು.

ತಂಗಿ ಗುಂಡಿ ಬಿಟ್ಟು ತಲೆಯೆತ್ತಿದಳು.

"ತಪ್ಪೇ ಮಾಡಿಲ್ಲ ಅಂತೀರ, ಮತ್ತೆ ಕ್ಷಮಿಸು ಅಂತೀರ. ಮೊದಲು ಒಂದು ತಪ್ಪು ಮಾಡ್ಕೊಂಡು ಬರೋಕೆ ಹೇಳಿ ಅಣ್ಣ. ಆಮೇಲೆ ನೋಡೋಣ."

ಅದು ಕಾನೂನಿನ ಭಾಷೆ, ನಿಮಗೆ ತಿಳಿಯುವುದಿಲ್ಲ ಎಂದರು ಕಾರ್ಯದರ್ಶಿ. ಒಬ್ಬ ಉಪಾಧ್ಯಕ್ಷರು, ಎಡಗೈಯ ಹೆಬ್ಬೆರಳನ್ನು ಕರ್ತನು ಉಳಿಸಿದ್ದಾನೆ, ಅದನ್ನು ಒತ್ತಿದರೆ ಸಾಕು ಎಂದು ದೇವರಿಗೆ ಸ್ತೋತ್ರ ಹೇಳಿದರು. ಆದರೆ ಅವರಿಗೆ ಮುಖ್ಯವಾಗಿ ಬೇಕಾಗಿದ್ದದ್ದು ಅಕ್ಕನ ಸಹಿ. ಉಳಿದ ಹೆಂಗಸರೆಲ್ಲ ತಾವು ಏನೂ ಕಂಡಿಲ್ಲ ಎಂದು ಆಗಲೇ ಮೇಸ್ತ್ರಿಗೆ ಬರೆದುಕೊಟ್ಟಿದ್ದರು. ಸೋಮವಾರ ಕಾರ್ಮಿಕ ಇಲಾಖೆಯ ಅಧಿಕಾರಿ ಬರುವವನಿದ್ದ. ಈ ಕಾಗದ ಅವನ ಕೈಗೆ ಹೋದರೆ ವಿಷಯ ಮುಗಿಯುತ್ತದೆ. ತನ್ನ ಕೈಯನ್ನು ತಾನೇ ಕಳೆದುಕೊಂಡವಳು ಎಂದು ತಂಗಿಯ ಹೆಸರಿನ ಮುಂದೆ ಕಾಯಂ ಆಗಿ ಬರೆದಿರುತ್ತದೆ. ಅಂಥವಳಿಗೆ ಪರಿಹಾರವಿಲ್ಲ, ಇನ್ನೊಂದು ಕಡೆ ಕೆಲಸವೂ ಇಲ್ಲ.

ಯಜಮಾನರು ಯಾಕೆ ಬರಲಿಲ್ಲ ಎಂದು ಅಕ್ಕ ಕೇಳಿದಳು. ಅವರಿಗೆ ಮಂಡಿನೋವು, ಮೆಟ್ಟಿಲು ಆಗುವುದಿಲ್ಲ ಎಂದು ಹೇಳಿದರು.

ಹೊರಡುವಾಗ ಪಾದ್ರಿಗಳು ಅಕ್ಕನನ್ನು ಮೆಟ್ಟಿಲ ಬಳಿ ಕರೆದರು. ಅವರು ಕೆಟ್ಟವರಲ್ಲ. ಚರ್ಚಿನ ಚಾವಣಿ ಸೋರುತ್ತಿತ್ತು, ಅದನ್ನು ಸರಿಮಾಡಿಸಿದವರು ಯಜಮಾನರು. ಅಂದಿನಿಂದ ಪಾದ್ರಿಗಳು ಮೇಲೆ ನೋಡಿದಾಗಲೆಲ್ಲ ಅವರಿಗೆ ಪರಲೋಕದ ಮೊದಲು ಯಜಮಾನರು ಕಾಣುತ್ತಿದ್ದರು. ಸಮಾಧಾನ ಮಾಡುವವರೇ ದೇವರ ಮಕ್ಕಳು ಎಂಬುದು ನಿನಗೆ ಗೊತ್ತಲ್ಲ ಎಂದು ಅವರು ಮೆಲ್ಲಗೆ ಹೇಳಿದರು. ಬರುವ ಭಾನುವಾರ ಸಮಾಧಾನದ ಭಾನುವಾರ. ಯಜಮಾನರು ವೇದಿಗೆ ಹೊಸ ವಸ್ತ್ರ ಕಾಣಿಕೆ ಕೊಡುತ್ತಾರೆ. ಒಂದು ತುದಿ ಅವರು, ಇನ್ನೊಂದು ತುದಿ ನೀನು ಹಿಡಿದು ವೇದಿಯವರೆಗೆ ನಡೆಯಬೇಕು. ಆಮೇಲೆ ಅಲ್ಲೇ ಸಹಿ. ಸಭೆಗೆಲ್ಲ ಅದೊಂದು ಸಾಕ್ಷಿಯಾಗುತ್ತದೆ.

ಅಕ್ಕ ಹೂಂ ಎಂದಳು.

ಭಯದಿಂದ ಹೇಳಿದ್ದೇ ಹೌದು. ಸಹಿ ಹಾಕದಿದ್ದರೆ ಸೋಮವಾರ ಬರಬೇಡ ಎಂದು ಮೇಸ್ತ್ರಿ ಆಗಲೇ ಹೇಳಿದ್ದ. ಎರಡು ಹೊಟ್ಟೆ, ದುಡಿಯುವ ಕೈ ಎರಡೇ. ಆದರೆ ಭಯವೊಂದೇ ಅಲ್ಲ. ಅವಳಿಗೆ ಆ ಮಾತಿನಲ್ಲಿ ನಂಬಿಕೆ ಇತ್ತು. ಅವಳ ಅಪ್ಪ ಚಪ್ಪಲಿ ಹೊಲಿಯುತ್ತಿದ್ದವನು. ಕ್ರಿಸ್ತನು ಬೆಟ್ಟದ ಮೇಲೆ ಕೂತು ಹೇಳಿದ ಮಾತುಗಳನ್ನೆಲ್ಲ ಮಕ್ಕಳಿಬ್ಬರಿಗೂ ಬಾಯಿಪಾಠ ಮಾಡಿಸಿದ್ದ. ತಪ್ಪಿದರೆ ಮೊದಲಿನಿಂದ ಹೇಳಬೇಕು. ಅಕ್ಕ ಉರುಳೆಯ ಮುಂದೆ ನಿಂತು ಅವನ್ನೇ ಹೇಳಿಕೊಳ್ಳುತ್ತ ಇಪ್ಪತ್ತೆರಡು ವರ್ಷ ಕಳೆದಿದ್ದಳು. ದೇವರ ಮಗಳು ಎನ್ನಿಸಿಕೊಳ್ಳುವುದು ಅವಳಿಗೆ ಸಣ್ಣ ವಿಷಯವಾಗಿರಲಿಲ್ಲ. ಅಂಥ ದೊಡ್ಡ ಹೆಸರಿನಿಂದ ಬೇರೆ ಯಾರೂ ಅವಳನ್ನು ಕರೆಯುತ್ತಿರಲಿಲ್ಲ. ಲಾಂಡ್ರಿಯಲ್ಲಿ ಆರು ದಿನ ಯಜಮಾನರು ಅವಳನ್ನು ಕರೆಯುತ್ತಿದ್ದದ್ದು ಏಯ್ ಎಂದು. ಏಳನೆಯ ದಿನ, ಒಂದೇ ಬೀದಿ ದಾಟಿದರೆ, ಸಹೋದರಿ ಎಂದು.

ಒಳಗೆ ಬಂದಾಗ ತಂಗಿ ಅವಳ ಮುಖ ನೋಡಿದಳು.

"ನಿನ್ನಿಷ್ಟ ಅಕ್ಕ. ಸಹಿ ಹಾಕೋಕೆ ಕೈ ಇರೋದು ನಿಂಗೆ."

ಅಷ್ಟು ಹೇಳಿ ಮತ್ತೆ ಗುಂಡಿಗೆ ಹೊರಳಿದಳು.

ಶನಿವಾರ ಮಧ್ಯಾಹ್ನ ವೇದಿಯ ವಸ್ತ್ರ ಲಾಂಡ್ರಿಗೆ ಬಂತು. ಹಾಲುಬಿಳುಪು ಬಟ್ಟೆ, ಎರಡು ಆಳುದ್ದ. ಅಂಚಿನಲ್ಲಿ ಪಾರಿವಾಳ. ಪಾರಿವಾಳ ಯಜಮಾನರ ಹಾಗೆ ಸ್ವಲ್ಪ ದಪ್ಪಗಿತ್ತು. ನಡುವೆ ಬಂಗಾರದ ದಾರದಲ್ಲಿ ಬೈಬಲಿನ ವಾಕ್ಯ. ವಾಕ್ಯವನ್ನು ಯಜಮಾನರೇ ಆರಿಸಿದ್ದರು. ಕಾಣಿಕೆ ಎಂಬ ಮಾತೂ ವೇದಿ ಎಂಬ ಮಾತೂ ಒಟ್ಟಿಗೆ ಬರುವ ಕಡೆ ಪುಸ್ತಕ ತೆರೆದು ಬೆರಳಿಟ್ಟು, ಇದನ್ನು ಹಾಕು ಎಂದು ಕಸೂತಿಯವಳಿಗೆ ಹೇಳಿದ್ದರಂತೆ.

ಮೇಸ್ತ್ರಿ ಅದನ್ನು ತಂಗಿ ನಿಲ್ಲುತ್ತಿದ್ದ ಜಾಗದಲ್ಲಿ ನಿಂತಿದ್ದ ಹೊಸ ಹುಡುಗಿಯ ಕೈಗೆ ಕೊಟ್ಟ. ಅವಳು ಹಳದಿ ಕಂಬಿಯ ಕೆಳಗೆ ಮೆಲ್ಲಗೆ ತೂರಿಸಿದಳು. ಅಕ್ಕ ಈ ಕಡೆ ಕೈಚಾಚಿ ನಿಂತಳು. ಉರುಳೆಯೊಳಗಿಂದ ಬಿಸಿಬಿಸಿಯಾಗಿ ಒಂದೊಂದೇ ಮಾತು ಹೊರಗೆ ಬಂತು. ನೀನು. ಕಾಣಿಕೆಯನ್ನು. ವೇದಿಯ ಬಳಿಗೆ. ತರುವಾಗ.

ಅಕ್ಕ ಕೈ ಹಾಗೇ ಹಿಡಿದಿದ್ದಳು. ಮುಂದಿನದು ಅವಳ ಬಾಯಿಗೆ ಆಗಲೇ ಬಂದಿತ್ತು. ಉರುಳೆಯಿಂದ ಬರಲಿಲ್ಲ. ಬಂದದ್ದು ಬರೀ ಬಿಳಿ ಬಟ್ಟೆ ಒಂದು ಗೇಣು, ಆಮೇಲೆ ಅಂಚು, ಆಮೇಲೆ ಪಾರಿವಾಳ.

"ಮೇಸ್ತ್ರಿ, ಉಳಿದದ್ದೆಲ್ಲಿ?"

"ಉಳಿದದ್ದು ಏನು?"

"ವಾಕ್ಯ. ಇನ್ನೂ ಇದೆ."

"ಬಟ್ಟೆ ಮುಗೀತು," ಎಂದ ಮೇಸ್ತ್ರಿ. "ಇರೋದಕ್ಕೆ ಸಮಾಧಾನ ಮಾಡ್ಕೊ."

ಆ ದಿನ ಅವಳು ಆ ವಸ್ತ್ರವನ್ನು ಮಡಚಿದ್ದು ಸರಿಯಾಗಲಿಲ್ಲ. ಬಿಚ್ಚಿ ಇನ್ನೊಮ್ಮೆ ಮಡಚಬೇಕಾಯಿತು. ಇಪ್ಪತ್ತೆರಡು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು.

ಕೆಲಸ ಮುಗಿದ ತಕ್ಷಣ ಅವಳು ಮನೆಗೆ ನಡೆದಳು. ಐದು ಮಹಡಿಯನ್ನು ಎಲ್ಲೂ ನಿಲ್ಲದೆ ಹತ್ತಿದಳು. ಏದುಸಿರು ಬಿಡುತ್ತ ಮಂಚದ ಮುಂದೆ ನೆಲದ ಮೇಲೆ ಕೂತು, ತಂಗಿಯ ಆ ಕೈಯನ್ನು ತನ್ನ ಎರಡು ಕೈಯಲ್ಲೂ ಹಿಡಿದಳು. ನಲವತ್ತೈದು ದಿನದಿಂದ ಅದಕ್ಕೆ ಬಟ್ಟೆ ಕಟ್ಟಿದ್ದಳು, ಬಿಚ್ಚಿದ್ದಳು, ತೊಳೆದಿದ್ದಳು. ಹಿಡಿದಿರಲಿಲ್ಲ.

"ಅವತ್ತು ನಾನೂ ನಕ್ಕೆ," ಎಂದಳು.

"ಗೊತ್ತು," ಎಂದಳು ತಂಗಿ. "ನೀನು ಎದುರಿಗೇ ಇದ್ದೆ. ಹಲ್ಲೆಲ್ಲ ಕಾಣ್ತಿತ್ತು."

"ಕ್ಷಮಿಸ್ತೀಯಾ?"

"ಕಾಗದ ಬೇಕಾ?"

ಅಕ್ಕ ಅತ್ತಳು. ತಂಗಿ ಸ್ವಲ್ಪ ಹೊತ್ತು ಅಳಲು ಬಿಟ್ಟು, ಆಮೇಲೆ ಉಳಿದ ಎರಡು ಬೆರಳಿನಲ್ಲಿ ಅಕ್ಕನ ಕಿವಿ ಹಿಡಿದು ತಿರುಚಿದಳು. ಹಿಡಿತ ಚೆನ್ನಾಗಿಯೇ ಇತ್ತು.

ಭಾನುವಾರ ಚರ್ಚಿನಲ್ಲಿ ಎಲ್ಲಿ ನೋಡಿದರೂ ಸಮಾಧಾನ. ಬಾಗಿಲಿಗೆ ಕಾಗದದ ಪಾರಿವಾಳ, ಕಿಟಕಿಗೆ ಬಿಳಿ ರಿಬ್ಬನ್ನು. ಉಪಾಧ್ಯಕ್ಷರಿಬ್ಬರೂ ಬೇರೆಬೇರೆ ಮೆರವಣಿಗೆ ತಂದರು, ಯಾರದು ಮೊದಲು ಒಳಗೆ ಬರಬೇಕು ಎಂದು ಬಾಗಿಲಲ್ಲಿ ಸಣ್ಣ ನೂಕಾಟವಾಗಿ ಒಂದು ಪಾರಿವಾಳದ ರೆಕ್ಕೆ ಹರಿಯಿತು. ಫೋಟೊ ತೆಗೆಯುವವನನ್ನು ಕರೆಸಿದ್ದರು. ಲಾಂಡ್ರಿಯ ಹೆಂಗಸರು ಹಿಂದಿನ ಎರಡು ಸಾಲಿನಲ್ಲಿ ಕೂತಿದ್ದರು. ಅದು ಅವರ ಜಾಗ. ಅಲ್ಲಿ ಕೂರಬೇಕು ಎಂದು ಯಾರೂ ಹೇಳಿರಲಿಲ್ಲ, ಬೇರೆ ಕಡೆ ಕೂತರೆ ಮಾತ್ರ ಹೇಳುತ್ತಿದ್ದರು.

ಅಕ್ಕ ಒಂದು ತುದಿ ಹಿಡಿದಳು, ಯಜಮಾನರು ಒಂದು ತುದಿ. ಅವರಿಗೆ ಹಿಡಿಯಲು ಬರುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಶೀಟುಗಳಿಂದಲೇ ಬದುಕಿದ ಮನುಷ್ಯ ಒಮ್ಮೆಯೂ ಒಂದನ್ನು ಹಿಡಿದವರಲ್ಲ. ವಸ್ತ್ರ ನಡುವೆ ಜೋತು ಬಿದ್ದು, ಪಾರಿವಾಳದ ಬಾಲ ನೆಲ ಗುಡಿಸಿತು. ಅಕ್ಕ ಅಭ್ಯಾಸಬಲದಿಂದ ತನ್ನ ತುದಿಯನ್ನು ಎಳೆದು ಬಿಗಿ ಮಾಡಿದಳು. ಇಬ್ಬರೂ ನಡೆದರು. ವೇದಿಯ ಮೆಟ್ಟಿಲ ಹತ್ತಿರ ಸಣ್ಣ ಮೇಜು, ಅದರ ಮೇಲೆ ಸಮಾಧಾನಪತ್ರ, ಪೆನ್ನಿನ ಮುಚ್ಚಳ ತೆಗೆದು ಹಿಡಿದುಕೊಂಡು ಕಾರ್ಯದರ್ಶಿ.

ಅಕ್ಕ ಮೆಟ್ಟಿಲ ಕೆಳಗೇ ನಿಂತಳು. ನಿಂತದ್ದರಿಂದ ಯಜಮಾನರೂ ನಿಲ್ಲಬೇಕಾಯಿತು.

"ಅಯ್ಯನವರೇ," ಎಂದಳು ಪಾದ್ರಿಗಳಿಗೆ, "ಬಟ್ಟೆ ಮೇಲಿರೋ ವಾಕ್ಯ ಅರ್ಧ ಇದೆ. ಉಳಿದದ್ದು ಓದಿ."

ಆಮೇಲೆ ಓದೋಣ ಎಂದರು ಪಾದ್ರಿಗಳು. ಉಳಿದದ್ದು ಏನು ಎಂದು ಅವರಿಗೆ ಗೊತ್ತಿತ್ತು. ಆ ಚರ್ಚಿನಲ್ಲಿ ಅದು ಗೊತ್ತಿದ್ದವರು ಬಹುಶಃ ಇಬ್ಬರೇ.

ಆಗ ಅಕ್ಕ ತಾನೇ ಹೇಳಿದಳು. ಕೂಗಲಿಲ್ಲ. ಅಪ್ಪನ ಮುಂದೆ ಪಾಠ ಒಪ್ಪಿಸುವ ಹಾಗೆ ನೆಟ್ಟಗೆ ನಿಂತು ತನ್ನ ಮಾತಿನಲ್ಲಿ ಹೇಳಿದಳು.

"ಕಾಣಿಕೆ ತರುವಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ದೂರು ಇದೆ ಅಂತ ನೆನಪಾದ್ರೆ, ಕಾಣಿಕೆ ಅಲ್ಲೇ ಬಿಡು. ಮೊದಲು ಹೋಗಿ ಅವನ ಹತ್ರ ಸಮಾಧಾನ ಮಾಡ್ಕೊ. ಆಮೇಲೆ ಬಂದು ಕೊಡು. ಇಷ್ಟಿದೆ. ನೋವು ತಿಂದವರು ಬರಬೇಕು ಅಂತ ಇಲ್ಲ. ನೋವು ಕೊಟ್ಟವನು ಹೋಗಬೇಕು ಅಂತ ಇದೆ."

ಯಜಮಾನರು ನಕ್ಕರು. ಆದರೆ ಈ ಸಲ ಜೊತೆಗೆ ನಗಲು ಯಾರಿಗೂ ಹೊಳೆಯಲಿಲ್ಲ.

"ಸಹೋದರಿ," ಎಂದರು, "ಇವತ್ತು ಸಮಾಧಾನದ ದಿನ. ಕೋಪ ಬೇಡ."

"ಸಹೋದರಿ ಅಂದ್ರಲ್ಲ. ಸಾಕು. ನಿಮ್ಮ ಸಹೋದರಿಗೆ ನಿಮ್ಮ ಮೇಲೆ ದೂರು ಇದೆ. ಇನ್ನೊಬ್ಬ ಸಹೋದರಿಗೆ ಇನ್ನೂ ಹೆಚ್ಚಿದೆ. ಅವಳು ಐದನೇ ಮಹಡೀಲಿದ್ದಾಳೆ. ಮಂಡಿ ನೋವಾದ್ರೆ ನಿಧಾನಕ್ಕೆ ಹತ್ತಿ, ಅವಸರ ಇಲ್ಲ. ಅಲ್ಲೀತನಕ ಇದು ಇಲ್ಲೇ ಇರಲಿ."

ಹೀಗೆ ಹೇಳಿ ತನ್ನ ತುದಿಯನ್ನು ಕೈಬಿಟ್ಟಳು. ವಸ್ತ್ರದ ಅರ್ಧ ನೆಲಕ್ಕೆ ಬಿತ್ತು. ಯಜಮಾನರು ಇನ್ನರ್ಧ ಹಿಡಿದುಕೊಂಡು, ಸ್ನಾನದ ಮನೆಯಿಂದ ಹೊರಗೆ ಬಂದವರ ಹಾಗೆ ನಿಂತರು.

ಪಾದ್ರಿಗಳು ಗಾಬರಿಯಲ್ಲಿ, ಎಲ್ಲರೂ ಪಕ್ಕದವರ ಕೈಹಿಡಿದು ಸಮಾಧಾನ ಹಂಚಿಕೊಳ್ಳಿ ಎಂದು ಘೋಷಿಸಿದರು. ಅದು ಆರಾಧನೆಯ ಕೊನೆಗೆ ಆಗಬೇಕಾದದ್ದು. ಯಜಮಾನರಿಗೆ ದಾರಿ ಕಂಡಂತಾಯಿತು. ವಸ್ತ್ರ ಬಿಟ್ಟು, ಕೈ ಮುಂದೆ ಮಾಡಿಕೊಂಡು ಸೀದಾ ಹಿಂದಿನ ಸಾಲುಗಳಿಗೆ ಬಂದರು. ಫೋಟೊದವನು ಅವರ ಹಿಂದೆ ಓಡಿದ. ಮೊದಲನೆಯ ಹೆಂಗಸು ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡಳು. ಅವಳ ಪಕ್ಕದವಳೂ ಹಾಗೇ ಮಾಡಿದಳು. ಮೂರನೆಯವಳಿಗೆ ಮನಸ್ಸು ಅಳುಕಿತು, ಕೈ ಅರ್ಧ ಮೇಲೆದ್ದಿತು. ಆಮೇಲೆ ತಲೆಗೂದಲು ಸರಿಮಾಡಿಕೊಳ್ಳಲು ಎತ್ತಿದ ಹಾಗೆ ತಲೆಗೆ ಹೋಯಿತು. ಹನ್ನೊಂದು ಹೆಂಗಸರು. ಯಜಮಾನರ ಕೈ ಗಾಳಿಯಲ್ಲೇ ಸಾಲು ಮುಗಿಸಿತು.

"ಯಾರಾದ್ರೂ ಒಬ್ಬರು ಹಿಡಿರಿ," ಎಂದು ಫೋಟೊದವನು ಬೇಡಿಕೊಂಡ.

ಕೊನೆಗೆ ಕಾರ್ಯದರ್ಶಿಯೇ ಓಡಿಬಂದು ಹಿಡಿದರು. ಫೋಟೊ ಅದೇ ಆಯಿತು. ಅಂದೇ ಸಮಾಧಾನ ಸಮಿತಿಯ ತುರ್ತುಸಭೆ ಸೇರಿತು. ಅಕ್ಕನನ್ನು ಚರ್ಚಿನ ಸದಸ್ಯರ ಪಟ್ಟಿಯಿಂದ ತೆಗೆಯಬೇಕು ಎಂದು ಒಬ್ಬ ಉಪಾಧ್ಯಕ್ಷರು ಸೂಚಿಸಿದರು, ಇನ್ನೊಬ್ಬ ಉಪಾಧ್ಯಕ್ಷರು ಅನುಮೋದಿಸಿದರು. ಮೂರು ವರ್ಷದಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು. ಇಬ್ಬರೂ ತಬ್ಬಿಕೊಂಡು ಕಣ್ಣೀರು ಹಾಕಿದರಂತೆ. ಆ ಭಾನುವಾರ ಸಮಾಧಾನ ಆಗಲೇ ಇಲ್ಲ ಎಂದು ಯಾರೂ ಹೇಳುವ ಹಾಗಿಲ್ಲ.

ಪಾದ್ರಿಗಳು ಸಭೆಗೆ ಹೋಗಲಿಲ್ಲ. ನೆಲದ ಮೇಲೆ ಬಿದ್ದಿದ್ದ ವಸ್ತ್ರದ ಎದುರು ಒಬ್ಬರೇ ಬಹಳ ಹೊತ್ತು ಕೂತಿದ್ದರು ಎಂದು ಗುಡಿಸುವವಳು ಹೇಳಿದಳು. ಎತ್ತಿಡಲೇ ಅಯ್ಯನವರೇ ಎಂದರೆ, ಬೇಡ, ಅಲ್ಲೇ ಬಿಡು ಎಂದರಂತೆ.

ಸೋಮವಾರ ಬೆಳಿಗ್ಗೆ ಲಾಂಡ್ರಿಯ ಗೇಟಿನಲ್ಲಿ ಮೇಸ್ತ್ರಿ ಅಕ್ಕನನ್ನು ಒಳಗೆ ಬಿಡಲಿಲ್ಲ. ಅವಳು ಜಗಳವಾಡಲಿಲ್ಲ, ಗೇಟಿನ ಹೊರಗೆ ನಿಂತಳು. ಜೊತೆಯಲ್ಲಿ ತಂಗಿ ಇದ್ದಳು. ನಲವತ್ತೇಳು ದಿನದ ಮೇಲೆ ಅವಳು ಮೆಟ್ಟಿಲಿಳಿದು ಬಂದದ್ದು ಅಂದೇ. ಅಂಗಿಯ ಗುಂಡಿಗಳಲ್ಲಿ ಒಂದು ಮೇಲಿನ ತೂತಿಗೆ ಹೋಗಿತ್ತು, ಸರಿಮಾಡಲು ಹೋದ ಅಕ್ಕನ ಕೈಯನ್ನು ಅವಳು ತಳ್ಳಿದಳು.

ಹತ್ತು ಗಂಟೆಗೆ ಅಧಿಕಾರಿ ಬಂದ. ದಣಿದ ಮನುಷ್ಯ. ಫೈಲು ತೆರೆದು, ಇಲ್ಲಿ ಎಲ್ಲ ರಾಜಿಯಾಗಿದೆ ಎಂದು ಫೋನು ಬಂದಿತ್ತು, ಸಹಿ ಒಂದು ಬಾಕಿ ಅಂತೆ ಎಂದ. ಯಜಮಾನರು ಒಳಗಿಂದ ಬಂದು, ಬಿಸಿಲಲ್ಲಿ ಯಾಕೆ, ಆಫೀಸಿಗೆ ಬನ್ನಿ ಎಂದು ಕರೆದರು. ಅಧಿಕಾರಿ ಒಂದು ಹೆಜ್ಜೆ ಇಟ್ಟ. ತಂಗಿ ಅವನಿಗೆ ಅಡ್ಡಲಾಗಿ ನಿಂತು ಕೈ ತೋರಿಸಿದಳು. ಅವನು ನೋಡಿದ. ಆಮೇಲೆ ಫೈಲನ್ನು ಗೇಟಿನ ಕಂಬಕ್ಕೆ ಆನಿಸಿಕೊಂಡು ಪೆನ್ನು ತೆಗೆದ.

"ಕಂಬಿ ಬಿಚ್ಚಿದ್ದು ಯಾರಮ್ಮ?"

"ಬಿಚ್ಚು ಅಂದದ್ದು ಯಜಮಾನರು," ಎಂದಳು ಅಕ್ಕ. "ಬಿಚ್ಚಿದ್ದು ಮೇಸ್ತ್ರಿ. ನೋಡಿದ್ದು ನಾನು."

ಬಾಯ್ಲರಿನ ಸದ್ದಿನಲ್ಲಿ ಒಳಗಿನವರಿಗೆ ಅದು ಕೇಳುವ ಹಾಗಿರಲಿಲ್ಲ. ಆದರೂ ಉರುಳೆ ನಿಂತಿತು. ಯಾರೋ ನಿಲ್ಲಿಸಿದ್ದರು. ತೊಳೆಯುವ ಕಟ್ಟೆಯ ಹತ್ತಿರದಿಂದ ಒಬ್ಬಳು ಒದ್ದೆ ಕೈಯನ್ನು ಸೊಂಟಕ್ಕೆ ಒರೆಸಿಕೊಳ್ಳುತ್ತ ಗೇಟಿನವರೆಗೆ ಬಂದು, ಯಜಮಾನರ ಕಡೆ ನೋಡದೆ, ನಾನೂ ನೋಡಿದೆ ಸಾರ್ ಎಂದಳು. ಅವಳ ಹಿಂದೆ ಇನ್ನಿಬ್ಬರು ಬರುತ್ತಿದ್ದರು.

ಅಧಿಕಾರಿಯ ಹಾಳೆಯಲ್ಲಿ ಸಾಕ್ಷಿಗಳಿಗೆ ಬಿಟ್ಟಿದ್ದದ್ದು ಒಂದೇ ಗೆರೆ. ಅವನು ಹಾಳೆ ತಿರುವಿ ಹಿಂಬದಿಯಲ್ಲಿ ಬರೆಯತೊಡಗಿದ.